ನಿಮಗಿದು ಗೊತ್ತೇ? ಹೆಸರು ಹೇಳದೆ ಒಳಬರುವವರು

ಆಫೀಸಿನಲ್ಲಿ ಮೇಲ್ ಬರೆಯಲು ಕೂತು 'ಟು' ಅಂಕಣದಲ್ಲಿ ಸಹೋದ್ಯೋಗಿಯ ಹೆಸರಿನ ಎರಡಕ್ಷರ ಒತ್ತುತ್ತೀರಿ, ಪೂರ್ತಿ ಹೆಸರು, ವಿಭಾಗ, ವಿಳಾಸ ತಾನಾಗಿ ಮೂಡುತ್ತದೆ. ಅನೇಕ ಕಡೆ ಇದರ ಹಿಂದೆ ಒಂದು ಡೈರೆಕ್ಟರಿ ಸರ್ವರ್ ಇರುತ್ತದೆ. ಅದರೊಡನೆ ಮಾತಾಡುವ ಭಾಷೆ ಎಲ್‌ಡ್ಯಾಪ್. 'ನೀನು ಯಾರು?' ಎಂದು ಕೇಳದೆಯೇ ಉತ್ತರ ಕೊಡುವ ಹಳೆಯ ಅಭ್ಯಾಸವೊಂದು ಈ ಸರ್ವರ್‌ಗಳಿಗಿದೆ. ಅದನ್ನು ಎಲ್ಲಿ ಬಿಡಬೇಕು, ಎಲ್ಲಿ ಕಟ್ಟಬೇಕು ಎಂಬ ಕುರಿತು ಈ ಬಾರಿಯ ಅಂಕಣ.

● ಎಲ್‌ಡ್ಯಾಪ್‌ನ ಮೊದಲ ಅಕ್ಷರ 'ಲೈಟ್‌ವೇಟ್', ಅಂದರೆ ಹಗುರ. ಹಾಗಾದರೆ ಭಾರವಾದದ್ದು ಯಾವುದು? 1988ರಲ್ಲಿ ಬಂದ ಎಕ್ಸ್.500 ಎಂಬ ಮಾನದಂಡ. ಪ್ರಪಂಚದ ಟೆಲಿಫೋನ್ ಇಲಾಖೆಗಳು ಕೂತು ರೂಪಿಸಿದ ಅದನ್ನು ಅಂದಿನ ಮೇಜಿನ ಮೇಲಿನ ಕಂಪ್ಯೂಟರ್‌ಗಳು ಹೊರಲಾರದೆ ಏದುಸಿರು ಬಿಟ್ಟವು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಟಿಮ್ ಹೋವ್ಸ್ ಮತ್ತು ಸಂಗಡಿಗರು ಅದನ್ನು ಇಳಿಸಿ ಹಗುರ ಮಾಡಿದರು. 1993ರ ಜುಲೈನಲ್ಲಿ ಆರ್‌ಎಫ್‌ಸಿ 1487 ಎಂಬ ದಾಖಲೆಯಾಗಿ ಅದು ಪ್ರಕಟವಾಯಿತು.

● ಮೂಲದಲ್ಲಿ ಇದು ಟೆಲಿಫೋನ್ ಡೈರೆಕ್ಟರಿಯೇ. ಯಾರು ಬೇಕಾದರೂ ಪುಟ ತಿರುಗಿಸಿ ನಂಬರು ನೋಡಿಕೊಳ್ಳಲಿ ಎಂದೇ ಮಾಡಿದ್ದು. ಆದ್ದರಿಂದ ಅನಾಮಧೇಯ ಪ್ರವೇಶ ಯಾರದೋ ಅಜಾಗ್ರತೆಯಿಂದ ಉಳಿದ ದೋಷವಲ್ಲ, ಆ ಕಾಲಕ್ಕೆ ಅದೇ ಉದ್ದೇಶ.

● 1990ರ ದಶಕದ ಕೊನೆಯಲ್ಲಿ ನೆಟ್‌ಸ್ಕೇಪ್ ಕಮ್ಯುನಿಕೇಟರ್, ಔಟ್‌ಲುಕ್ ಎಕ್ಸ್‌ಪ್ರೆಸ್ ಬಳಸಿದವರು ನೆನಪಿಸಿಕೊಳ್ಳಲಿ. ಅವುಗಳ ವಿಳಾಸ ಪುಸ್ತಕದಲ್ಲಿ ಫೋರ್11, ಬಿಗ್‌ಫುಟ್, ಹೂವೇರ್ ಎಂಬ ಸಾರ್ವಜನಿಕ ಡೈರೆಕ್ಟರಿಗಳು ಮೊದಲೇ ಸೇರಿಕೊಂಡು ಬರುತ್ತಿದ್ದವು. ಹೆಸರು ಬರೆದು ಹುಡುಕಿದರೆ ಯಾರ್ಯಾರದೋ ಇ-ಮೇಲ್ ವಿಳಾಸ ಸಿಗುತ್ತಿತ್ತು. ಲಾಗಿನ್ನೂ ಇಲ್ಲ, ಪಾಸ್‌ವರ್ಡೂ ಇಲ್ಲ. ಫೋರ್11 ಅನ್ನು 1997ರಲ್ಲಿ ಯಾಹೂ ಕೊಂಡುಕೊಂಡಿತು. ಇಂದು ಹಾಗೆ ವಿಳಾಸಗಳ ರಾಶಿಯನ್ನು ಬೀದಿಗಿಟ್ಟರೆ ಸ್ಪ್ಯಾಮ್ ಕಳಿಸುವವರಿಗೆ ಜಾತ್ರೆಯೋ ಜಾತ್ರೆ.

● ಸರ್ವರ್‌ಗೆ ಗುರುತು ಹೇಳಿಕೊಳ್ಳುವ ಕ್ರಿಯೆಗೆ 'ಬೈಂಡ್' ಎನ್ನುತ್ತಾರೆ. ಎಲ್‌ಡ್ಯಾಪ್‌ನ ಎರಡನೇ ಆವೃತ್ತಿಯಲ್ಲಿ ಬೈಂಡ್ ಮಾಡದೆ ಯಾವ ಪ್ರಶ್ನೆಯನ್ನೂ ಕೇಳುವಂತಿರಲಿಲ್ಲ. 1997ರ ಡಿಸೆಂಬರ್‌ನಲ್ಲಿ ಬಂದ ಮೂರನೇ ಆವೃತ್ತಿ ಈ ಕಟ್ಟಳೆಯನ್ನು ತೆಗೆದುಹಾಕಿತು. ಸಂಪರ್ಕ ಸಿಕ್ಕ ಕೂಡಲೇ ನೇರವಾಗಿ ಪ್ರಶ್ನೆ ಹಾಕಬಹುದು. ಹಾಗೆ ಕೇಳಿದವರನ್ನು ಸರ್ವರ್ ಅನಾಮಧೇಯರೆಂದೇ ಎಣಿಸುತ್ತದೆ. ಅಷ್ಟೇಕೆ, ಸ್ವತಃ ಮುಖ್ಯ ಅಡ್ಮಿನ್ ಕೂಡ ತನ್ನ ಬೈಂಡ್ ಮುಗಿಯುವ ತನಕ ಅನಾಮಧೇಯನೇ. ಈ ಒಂದು ಮಾತು ತಲೆಯಲ್ಲಿದ್ದರೆ ಮುಂದಿನ ಅರ್ಧ ಗೊಂದಲ ಕಳೆಯುತ್ತದೆ.

● ಅನಾಮಧೇಯ ಬೈಂಡ್‌ನ ಗಾತ್ರ ಎಷ್ಟು? ಬರೀ 14 ಬೈಟ್! ಅದರ ಕೊನೆಯ ನಾಲ್ಕು ಬೈಟ್‌ಗಳನ್ನು ಹದಿನಾರರ ಲೆಕ್ಕದಲ್ಲಿ ಬರೆದರೆ 04 00 80 00. ಮೊದಲ ಜೋಡಿಯ ಅರ್ಥ 'ಹೆಸರು, ಉದ್ದ ಸೊನ್ನೆ'. ಎರಡನೆಯದರ ಅರ್ಥ 'ಪಾಸ್‌ವರ್ಡ್, ಉದ್ದ ಸೊನ್ನೆ'. ಸರ್ವರ್‌ನ ಲಾಗ್ ತೆರೆದಾಗ 'ಮೆಥಡ್=128' ಎಂದು ಕಂಡು ತಲೆ ಕೆರೆದುಕೊಂಡವರಿಗೆ ಉತ್ತರವೂ ಇಲ್ಲೇ ಇದೆ: ಹದಿನಾರರ ಲೆಕ್ಕದ 80 ಎಂದರೆ ನಮ್ಮ ಲೆಕ್ಕದ 128. ಅದರ ಕೆಳಗಿನ ಸಾಲಿನ 'ಟ್ಯಾಗ್=97' ಎಂಬುದು ಬೈಂಡ್‌ಗೆ ಬಂದ ಉತ್ತರದ ಗುರುತು.

● ಸರಳ ಬೈಂಡ್‌ನಲ್ಲಿ ಎರಡಲ್ಲ, ಮೂರು ಬಗೆ ಇವೆ. 2006ರ ಆರ್‌ಎಫ್‌ಸಿ 4513 ಇವನ್ನು ಬಿಡಿಸಿ ಹೇಳುತ್ತದೆ. ಹೆಸರೂ ಖಾಲಿ, ಪಾಸ್‌ವರ್ಡೂ ಖಾಲಿ ಇದ್ದರೆ ಅನಾಮಧೇಯ. ಎರಡೂ ಇದ್ದರೆ ಮಾಮೂಲಿ ಲಾಗಿನ್. ಇವೆರಡರ ನಡುವೆ ಒಂದು ಕಿಲಾಡಿ ಇದೆ: ಹೆಸರುಂಟು, ಪಾಸ್‌ವರ್ಡ್ ಖಾಲಿ. ಇದಕ್ಕೆ ಅದೃಢೀಕೃತ ಬೈಂಡ್ ಎಂದು ಹೆಸರು.

ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಅತಿ ಅಪಾಯದ ಮೂಲೆ ಇದೇ. ಇದನ್ನು ಒಪ್ಪುವ ಸರ್ವರ್ 'ಯಶಸ್ವಿ' ಎಂದು ಉತ್ತರಿಸುತ್ತದೆ, ಆದರೆ ಬಂದವನನ್ನು ಅನಾಮಧೇಯನಾಗಿಯೇ ಕೂರಿಸುತ್ತದೆ. ಸರ್ವರ್‌ನ ದೃಷ್ಟಿಯಲ್ಲಿ ಅಲ್ಲಿಗೆ ತಪ್ಪೇನೂ ನಡೆದಿಲ್ಲ. ಕೆಡುವುದು ಆಚೆ ಬದಿಯಲ್ಲಿ. ರಜೆ ಅರ್ಜಿಯ ತಾಣವೋ, ಸಂಬಳ ಚೀಟಿಯ ತಾಣವೋ ಲಾಗಿನ್ ಪರೀಕ್ಷೆಯನ್ನು ಎಲ್‌ಡ್ಯಾಪ್‌ಗೆ ವಹಿಸಿರುತ್ತದೆ ಎನ್ನಿ. ಬೈಂಡ್ ಯಶಸ್ವಿಯಾಯಿತೇ ಎಂಬುದೊಂದನ್ನೇ ಅದು ನೋಡುತ್ತದೆ. ಯಾರೋ ಮ್ಯಾನೇಜರ್ ಹೆಸರು ಹಾಕಿ, ಪಾಸ್‌ವರ್ಡ್ ಜಾಗ ಖಾಲಿ ಬಿಟ್ಟು ಎಂಟರ್ ಒತ್ತಿದರೆ ಮ್ಯಾನೇಜರ್ ಆಗಿಯೇ ಒಳಗೆ ಬಂದಂತೆ!

● ಇದು ಬರೀ ಊಹೆಯಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಂಥ ಹೆಸರಾಂತ ಡೇಟಾಬೇಸ್‌ನಲ್ಲೇ 2009ರಲ್ಲಿ ಈ ದೋಷ ಸಿಕ್ಕಿತು. ಎಲ್‌ಡ್ಯಾಪ್ ಮೂಲಕ ಲಾಗಿನ್ ಇಟ್ಟುಕೊಂಡಿದ್ದು, ಆ ಎಲ್‌ಡ್ಯಾಪ್ ಸರ್ವರ್ ಅನಾಮಧೇಯ ಬೈಂಡ್‌ಗಳನ್ನು ಒಪ್ಪುತ್ತಿದ್ದರೆ ಖಾಲಿ ಪಾಸ್‌ವರ್ಡ್ ಸಾಕಾಗುತ್ತಿತ್ತು. 8.3.8 ಮತ್ತು 8.2.14 ಆವೃತ್ತಿಗಳಲ್ಲಿ ಸರಿಪಡಿಸಿದರು.

● ಮಾನದಂಡ ಇಬ್ಬರಿಗೂ ಬುದ್ಧಿ ಹೇಳುತ್ತದೆ. ಸರ್ವರ್ ಇಂಥ ಬೈಂಡ್ ಬಂದರೆ 53ನೇ ಸಂಖ್ಯೆಯ ಉತ್ತರ, ಅಂದರೆ 'ಮಾಡಲು ಮನಸ್ಸಿಲ್ಲ' ಎಂದು ತಿರುಗಿಸಬೇಕು. ಪ್ರೋಗ್ರಾಂ ಬರೆಯುವವರು ಖಾಲಿ ಪಾಸ್‌ವರ್ಡನ್ನು ಸರ್ವರ್ ತನಕ ಹೋಗಲೇ ಬಿಡಬಾರದು. ಓಪನ್‌ಎಲ್‌ಡ್ಯಾಪ್ ಮತ್ತು 389 ಡೈರೆಕ್ಟರಿ ಸರ್ವರ್ ಎಂಬ ಎರಡು ಸರ್ವರ್ ತಂತ್ರಾಂಶಗಳು ಇದನ್ನು ಮೊದಲಿನಿಂದಲೇ ಮುಚ್ಚಿಟ್ಟಿರುತ್ತವೆ, ಬೇಕೆಂದರೆ ನಾವೇ ತೆರೆಯಬೇಕು. ಮೈಕ್ರೋಸಾಫ್ಟ್‌ನ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಉಲ್ಟಾ. ಅದನ್ನು ಮುಚ್ಚುವ 'ಡಿನೈ ಅನ್‌ಆಥೆಂಟಿಕೇಟೆಡ್ ಬೈಂಡ್' ಎಂಬ ಆಯ್ಕೆ ಬಂದದ್ದೇ ವಿಂಡೋಸ್ ಸರ್ವರ್ 2019ರಲ್ಲಿ, ಅದೂ ಅಡ್ಮಿನ್ ಹೋಗಿ ಹಾಕಿದರೆ ಮಾತ್ರ.

● 'ಅನಾಮಧೇಯ ಬೈಂಡ್ ನಿಲ್ಲಿಸಿದ್ದೇವೆ, ಇನ್ನು ಯಾರೂ ಓದಲಾರರು' ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಓಪನ್‌ಎಲ್‌ಡ್ಯಾಪ್‌ನಲ್ಲಿ 'ಡಿಸ್‌ಅಲೌ ಬೈಂಡ್ ಅನಾನ್' ಎಂದು ಬರೆದರೆ ನಿಲ್ಲುವುದು ಬೈಂಡ್ ಮಾತ್ರ. ಬೈಂಡ್ ಮಾಡದೆಯೇ ಪ್ರಶ್ನೆ ಹಾಕಬಹುದೆಂದು ಮೇಲೆ ನೋಡಿದೆವಲ್ಲ, ಆ ದಾರಿ ಹಾಗೇ ತೆರೆದಿರುತ್ತದೆ. ಅದರ ಕೈಪಿಡಿಯೇ ಈ ಎಚ್ಚರಿಕೆ ಕೊಡುತ್ತದೆ. ಆ ದಾರಿಯನ್ನೂ ಕಟ್ಟಲು 'ರಿಕ್ವೈರ್ ಆಥ್‌ಸಿ' ಎಂಬ ಇನ್ನೊಂದು ಸಾಲು ಬೇಕು. ಎರಡೂ ಜೊತೆಯಾಗಿ ಇದ್ದರೇ ಕೆಲಸ ಪೂರ್ತಿ. ಮೊದಲನೆಯದನ್ನು ಹಾಕಿ, ಪರೀಕ್ಷಿಸುವಾಗ 48ನೇ ದೋಷ ಕಂಡು, ಆಯಿತೆಂದು ಎದ್ದು ಹೋಗುವುದು ಸುಲಭ. ಪರೀಕ್ಷಿಸಿದ ಕಮಾಂಡೇ ಬೈಂಡ್‌ನಿಂದ ಶುರುವಾಗುತ್ತದೆ ಎಂಬುದನ್ನು ಗಮನಿಸಿರುವುದಿಲ್ಲ.

● ಓಪನ್‌ಎಲ್‌ಡ್ಯಾಪ್‌ನಲ್ಲಿ ಪ್ರವೇಶ ನಿಯಮ ಒಂದೂ ಬರೆಯದಿದ್ದರೆ ಎಲ್ಲರೂ ಎಲ್ಲವನ್ನೂ ಓದಬಹುದು. ಒಂದೇ ಒಂದು ನಿಯಮ ಬರೆದು ನೋಡಿ, ಚಿತ್ರ ಪೂರ್ತಿ ತಿರುಗುತ್ತದೆ. ಪಟ್ಟಿಯ ಕೊನೆಗೆ 'ಉಳಿದದ್ದು ಯಾರಿಗೂ ಇಲ್ಲ' ಎಂಬ ಕಾಣದ ಸಾಲೊಂದು ತಾನಾಗಿ ಸೇರಿಕೊಳ್ಳುತ್ತದೆ. ಪಾಸ್‌ವರ್ಡ್ ಕಾಪಾಡೋಣ ಎಂದು ಒಂದು ಸಾಲು ಸೇರಿಸಿದವರಿಗೆ ಇಡೀ ಡೈರೆಕ್ಟರಿಯೇ ಮಾಯವಾದಂತೆ ಕಾಣುವುದು ಇದರಿಂದ. ಮುಖ್ಯ ಅಡ್ಮಿನ್ ಖಾತೆಗೆ ಮಾತ್ರ ಈ ಯಾವ ನಿಯಮವೂ ತಟ್ಟುವುದಿಲ್ಲ. ಆದ್ದರಿಂದ ಆ ಖಾತೆಯಿಂದ ಪರೀಕ್ಷಿಸಿ 'ಎಲ್ಲ ಸರಿಯಿದೆ' ಎನ್ನುವುದರಲ್ಲಿ ಅರ್ಥವಿಲ್ಲ.

● ಡೆಬಿಯನ್‌ನಲ್ಲಿ ಈ ಸರ್ವರನ್ನು ಹೊಸದಾಗಿ ಹಾಕಿದರೆ ಸಿದ್ಧ ನಿಯಮಗಳು ಜೊತೆಗೇ ಬರುತ್ತವೆ. ಪಾಸ್‌ವರ್ಡ್ ಬಿಟ್ಟು ಉಳಿದೆಲ್ಲ ಯಾರಿಗಾದರೂ ಓದಲು ಸಿಗುತ್ತದೆ. ಫೋನ್ ನಂಬರು, ಮನೆ ವಿಳಾಸ ತುಂಬಿಸುವ ಮೊದಲು ಇದನ್ನು ನೋಡಿಕೊಳ್ಳುವುದು ಒಳ್ಳೆಯದು.

● ಅದೇ ಸಿದ್ಧ ನಿಯಮಗಳಲ್ಲಿ 'ಬೈ ಅನಾನಿಮಸ್ ಆಥ್' ಎಂಬ ತುಣುಕು ಇರುತ್ತದೆ, ಅದೂ ಪಾಸ್‌ವರ್ಡ್‌ಗೆ ಸಂಬಂಧಿಸಿದ ಸಾಲಿನಲ್ಲೇ! ಹೊಸಬರು ಹೌಹಾರಿ ಅಳಿಸಿಬಿಡುತ್ತಾರೆ. ಮರುದಿನ ಬೆಳಿಗ್ಗೆ ಒಬ್ಬರಿಗೂ ಲಾಗಿನ್ ಆಗುವುದಿಲ್ಲ. ಕಾರಣ ಇಷ್ಟೇ: ಪಾಸ್‌ವರ್ಡ್ ಪರೀಕ್ಷೆ ನಡೆಯುವ ಕ್ಷಣದಲ್ಲಿ ಪ್ರತಿಯೊಬ್ಬರೂ ಅನಾಮಧೇಯರೇ. 'ಆಥ್' ಎಂದರೆ ಲಾಗಿನ್‌ಗಾಗಿ ತಾಳೆ ನೋಡಲು ಅನುಮತಿ. ಓದಲು ಅಲ್ಲ, ಹುಡುಕಲೂ ಅಲ್ಲ.

● ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದಿ, ಮೊದಲು ಹೊಂದಿದ್ದರಲ್ಲೇ ಓಪನ್‌ಎಲ್‌ಡ್ಯಾಪ್ ನಿಂತುಬಿಡುತ್ತದೆ. 'ಎಲ್ಲದಕ್ಕೂ ಎಲ್ಲರಿಗೂ' ಎಂಬ ಸಾಲು ಮೇಲಿದ್ದರೆ ಕೆಳಗಿನ ನೂರು ಸಾಲು ವ್ಯರ್ಥ.

● 389 ಡೈರೆಕ್ಟರಿ ಸರ್ವರ್‌ನ ನಿಯಮಗಳಲ್ಲಿ 'ಆಲ್', 'ಎನಿಒನ್' ಎಂಬ ಎರಡು ಪದ ಬರುತ್ತವೆ. ಯಾವುದು ಹೆಚ್ಚು ವಿಶಾಲ? 'ಆಲ್' ಎಂದಿರಾ? ತಪ್ಪು! ಲಾಗಿನ್ ಆದ ಎಲ್ಲರೂ 'ಆಲ್'. ಲಾಗಿನ್ ಆಗದವರನ್ನೂ ಸೇರಿಸಿಕೊಳ್ಳುವುದು 'ಎನಿಒನ್'. ಇವನ್ನು ಅದಲುಬದಲು ಮಾಡಿದರೆ ಆಗುವ ಅನಾಹುತಕ್ಕೆ ಯಾವ ದೋಷ ಸಂದೇಶವೂ ಬರುವುದಿಲ್ಲ.

● ಆ ಸರ್ವರ್‌ಗೆ 389 ಎಂಬ ಹೆಸರು ಬಂದದ್ದು ಎಲ್‌ಡ್ಯಾಪ್ ಓಡಾಡುವ ಪೋರ್ಟ್ ಸಂಖ್ಯೆಯಿಂದ. ಮೂಲತಃ ನೆಟ್‌ಸ್ಕೇಪ್‌ನವರದು. ಟಿಮ್ ಹೋವ್ಸ್ ಕೂಡ ಮಿಷಿಗನ್‌ನಿಂದ ಅಲ್ಲಿಗೇ ಹೋಗಿದ್ದರು. 2004ರಲ್ಲಿ ಎಒಎಲ್‌ನಿಂದ ಅದನ್ನು ರೆಡ್‌ಹ್ಯಾಟ್ ಕೊಂಡಿತು, 2005ರಲ್ಲಿ ಫೆಡೋರಾ ಡೈರೆಕ್ಟರಿ ಸರ್ವರ್ ಆಯಿತು, 2009ರಲ್ಲಿ ಈಗಿನ ಹೆಸರು.

● ಅನಾಮಧೇಯ ಪ್ರವೇಶದ ಸ್ವಿಚ್‌ಗೆ ಎರಡೇ ಸ್ಥಿತಿ ಎಂದುಕೊಂಡಿದ್ದೀರಾ? 389ರಲ್ಲಿ ಮೂರಿವೆ: ಆನ್, ಆಫ್, ರೂಟ್‌ಡಿಎಸ್‌ಇ. ಮೊದಲಿನಿಂದ ಇರುವುದು ಆನ್. ಮೂರನೆಯದೇ ಹೆಚ್ಚಿನ ಕಡೆಗೆ ಸೂಕ್ತ ಎಂದು ನನ್ನ ಅನಿಸಿಕೆ. ಅದೇಕೆ ಎಂಬುದಕ್ಕೆ ರೂಟ್ ಡಿಎಸ್‌ಇ ಏನೆಂದು ತಿಳಿಯಬೇಕು.

● ಡೈರೆಕ್ಟರಿಯ ಪ್ರತಿ ನಮೂದಿಗೂ ಒಂದು ಉದ್ದನೆಯ ಹೆಸರಿರುತ್ತದೆ. ಒಂದು ನಮೂದಿಗೆ ಮಾತ್ರ ಹೆಸರೇ ಖಾಲಿ. ಅದೇ ರೂಟ್ ಡಿಎಸ್‌ಇ, ಸರ್ವರ್ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಪುಟ. ಎಲ್‌ಡ್ಯಾಪ್‌ನ ಯಾವ ಆವೃತ್ತಿ ಗೊತ್ತು, ಯಾವ ಯಾವ ಬಗೆಯ ಲಾಗಿನ್ ಒಪ್ಪುತ್ತೇನೆ, ನನ್ನಲ್ಲಿರುವ ಮಾಹಿತಿಯ ಬುಡ ಯಾವುದು ಎಂಬುದೆಲ್ಲ ಅಲ್ಲಿರುತ್ತದೆ. ಹೇಗೆ ಲಾಗಿನ್ ಆಗಬೇಕೆಂದು ತಿಳಿಯಲು ಮೊದಲು ಈ ಪುಟ ಓದಬೇಕಾದ ಪ್ರೋಗ್ರಾಂಗಳುಂಟು. ಇದನ್ನೂ ಮುಚ್ಚಿದರೆ ಅವು ಹೊಸ್ತಿಲಲ್ಲೇ ಮುಗ್ಗರಿಸುತ್ತವೆ. ಜನರ ವಿವರ ಒಂದೂ ಇದರಲ್ಲಿಲ್ಲ. ಹಾಗಾಗಿ ಇದೊಂದನ್ನು ಬಿಟ್ಟು ಉಳಿದದ್ದನ್ನು ಮುಚ್ಚುವುದು ರೂಢಿ.

● ಹಾಗೆಂದು ಆ ಪುಟವನ್ನು ಇಡೀ ಇಂಟರ್‌ನೆಟ್‌ಗೆ ತೆರೆದಿಡಬೇಕಿಲ್ಲ. ಆ್ಯಕ್ಟಿವ್ ಡೈರೆಕ್ಟರಿ ಯುಡಿಪಿ ಪೋರ್ಟ್ 389ರಲ್ಲೂ ಉತ್ತರ ಕೊಡುತ್ತದೆ, ಇದಕ್ಕೆ ಸಿಎಲ್‌ಡ್ಯಾಪ್ ಎನ್ನುತ್ತಾರೆ. ಯುಡಿಪಿಯಲ್ಲಿ ಕಳಿಸಿದವನ ವಿಳಾಸ ಸುಳ್ಳಾಗಿ ಬರೆಯುವುದು ಕಷ್ಟವಲ್ಲ. ದಾಳಿಕೋರ ಬಲಿಪಶುವಿನ ವಿಳಾಸ ಹಾಕಿ ಪುಟ್ಟ ಅನಾಮಧೇಯ ಪ್ರಶ್ನೆ ಕಳಿಸುತ್ತಾನೆ. ಪ್ರಶ್ನೆಗಿಂತ 56ರಿಂದ 70 ಪಟ್ಟು ದೊಡ್ಡ ಉತ್ತರ ಬಲಿಪಶುವಿನ ತಲೆಯ ಮೇಲೆ ಬೀಳುತ್ತದೆ. 2020ರ ಫೆಬ್ರುವರಿಯಲ್ಲಿ ಅಮೆಜಾನ್‌ನ ಎಡಬ್ಲ್ಯುಎಸ್ ತಡೆದ ದಾಳಿ ಈ ಬಗೆಯದೇ. ಅದರ ಉಬ್ಬರ ಸೆಕೆಂಡಿಗೆ 2.3 ಟೆರಾಬಿಟ್ ಮುಟ್ಟಿತ್ತು. ಅಲ್ಲಿ ಯಾರ ಗುಟ್ಟೂ ಕದ್ದು ಹೋಗಬೇಕಿರಲಿಲ್ಲ. ಯಾರನ್ನೂ ವಿಚಾರಿಸದೆ ಉತ್ತರಿಸುವ ಸರ್ವರ್‌ಗಳು ಸಾಕಷ್ಟು ಸಂಖ್ಯೆಯಲ್ಲಿ ಬಯಲಿನಲ್ಲಿದ್ದರೆ ಆಯಿತು.

● ವಿಂಡೋಸ್ ಸರ್ವರ್ 2003ರಿಂದ ಈಚೆಗೆ ಆ್ಯಕ್ಟಿವ್ ಡೈರೆಕ್ಟರಿ ಅನಾಮಧೇಯರಿಗೆ ರೂಟ್ ಡಿಎಸ್‌ಇ ಬಿಟ್ಟರೆ ಬೇರೇನೂ ತೋರಿಸುವುದಿಲ್ಲ. ಮುಂದೆ ಕೇಳಿದರೆ 'ಮೊದಲು ಬೈಂಡ್ ಮಾಡಿ ಬಾ' ಎಂಬರ್ಥದ ಉತ್ತರ ಬರುತ್ತದೆ, ಸಂಖ್ಯೆ 1. ಹಳೆಯ ನಡವಳಿಕೆಗೆ ಮರಳಬೇಕೆಂದರೆ 'ಡಿಎಸ್ ಹ್ಯೂರಿಸ್ಟಿಕ್ಸ್' ಎಂಬ ಗುಣದ ಏಳನೇ ಅಂಕಿಯನ್ನು 2 ಮಾಡಬೇಕು, ಅಂದರೆ 0000002. ಸ್ವಿಚ್ಚು, ಟಿಕ್ ಗುರುತು ಏನೂ ಇಲ್ಲ. ಸಾಲಾಗಿ ನಿಂತ ಅಂಕಿಗಳಲ್ಲಿ ಏಳನೆಯದನ್ನು ಎಣಿಸಿ ಬದಲಿಸಬೇಕು! ಎಣಿಕೆ ತಪ್ಪಿದರೆ ಇನ್ನಾವುದೋ ವರ್ತನೆ ಬದಲಾದೀತೆಂದು ಒಂದು ಕಾವಲನ್ನೂ ಇಟ್ಟಿದ್ದಾರೆ: ಸಾಲು ಹತ್ತಂಕಿ ಮುಟ್ಟಿದರೆ ಹತ್ತನೆಯದು 1 ಆಗಿರಲೇಬೇಕು, ಇಪ್ಪತ್ತು ಮುಟ್ಟಿದರೆ ಇಪ್ಪತ್ತನೆಯದು 2.

ಇಷ್ಟು ಮಾಡಿದ ಮೇಲೂ ಅನಾಮಧೇಯನಿಗೆ ಏನೂ ಕಾಣದಿದ್ದರೆ ಬೆಚ್ಚಬೇಡಿ. 'ಅನಾನಿಮಸ್ ಲಾಗಾನ್' ಎಂಬ ಗುರುತಿಗೆ ಆಯಾ ನಮೂದಿನ ಮೇಲೆ ಓದುವ ಅನುಮತಿಯನ್ನು ಬೇರೆಯಾಗಿ ಕೊಡಬೇಕು. ಕೆಲವರು ಅಷ್ಟರಲ್ಲಿ ಬೇಸತ್ತು 'ಪ್ರೀ-ವಿಂಡೋಸ್ 2000 ಕಂಪ್ಯಾಟಿಬಲ್ ಆ್ಯಕ್ಸೆಸ್' ಗುಂಪಿಗೆ ಅನಾಮಧೇಯರನ್ನು ಸೇರಿಸಿ ಕೈ ತೊಳೆದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಕಿಟಕಿ ಬೇಕೆಂದು ಗೋಡೆ ಕೆಡವುವ ಕೆಲಸ ಅದು.

● 'ಇಲ್ಲ' ಎನ್ನುವ ರೀತಿಯಲ್ಲೂ ಗುಟ್ಟು ಸೋರುತ್ತದೆ. 32 ಎಂದರೆ ಅಂಥ ನಮೂದೇ ಇಲ್ಲ. 50 ಎಂದರೆ ನಿನಗೆ ಅಧಿಕಾರವಿಲ್ಲ. ಅಂದರೆ ನಮೂದು ಇದೆ ಎಂದಾಯಿತಲ್ಲ! ಓಪನ್‌ಎಲ್‌ಡ್ಯಾಪ್‌ನಲ್ಲಿ ಇದಕ್ಕೆಂದೇ 'ಡಿಸ್‌ಕ್ಲೋಸ್' ಎಂಬ ಅನುಮತಿಯ ಮೆಟ್ಟಿಲು ಬೇರೆಯೇ ಇದೆ. ಅದೂ ಇಲ್ಲದವರಿಗೆ ಇರುವ ನಮೂದಿಗೂ 32 ಎಂದೇ ಉತ್ತರ ಹೋಗುತ್ತದೆ.

● ಒಂದು ಹುಡುಕಾಟಕ್ಕೆ ಓಪನ್‌ಎಲ್‌ಡ್ಯಾಪ್ ಕೊಡುವ ಉತ್ತರಗಳ ಮಿತಿ 500, ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಪುಟಕ್ಕೆ 1000. ಇದನ್ನೇ ಭದ್ರತೆ ಎಂದು ನಂಬುವಂತಿಲ್ಲ. 'ಅ'ದಿಂದ ಶುರುವಾಗುವವರು, 'ಆ'ದಿಂದ ಶುರುವಾಗುವವರು ಎಂದು ತುಂಡುತುಂಡಾಗಿ ಕೇಳಿದರೆ ಪೂರ್ತಿ ಪಟ್ಟಿ ಸಿಕ್ಕೇ ಸಿಗುತ್ತದೆ. ಮಿತಿಯಿಂದ ಆಗುವ ಉಪಕಾರ ಸರ್ವರ್ ಸುಸ್ತಾಗದಿರುವುದು.

● ಅನಾಮಧೇಯರಾಗಿ ಬಂದು ತಮ್ಮ ಇ-ಮೇಲ್ ವಿಳಾಸ ಬಿಟ್ಟುಹೋಗುವ ವ್ಯವಸ್ಥೆಯೂ ಇದೆ ಎಂದರೆ ನಗು ಬರಬಹುದು. ಆರ್‌ಎಫ್‌ಸಿ 4505 ವಿವರಿಸುವ 'ಅನಾನಿಮಸ್' ವಿಧಾನದಲ್ಲಿ ಜಾಡಿನ ಮಾಹಿತಿ ಎಂದು ಏನಾದರೂ ಬರೆಯಬಹುದು. ಸರ್ವರ್ ಅದನ್ನು ಲಾಗ್‌ನಲ್ಲಿ ಬರೆದಿಟ್ಟುಕೊಳ್ಳಬಹುದು, ನಂಬುವಂತಿಲ್ಲ. ಹಳೆಯ ಎಫ್‌ಟಿಪಿ ತಾಣಗಳಲ್ಲಿ ಪಾಸ್‌ವರ್ಡ್ ಜಾಗದಲ್ಲಿ ಮೇಲ್ ವಿಳಾಸ ಕೊಡುತ್ತಿದ್ದ ಸಭ್ಯಾಚಾರದ ಮುಂದುವರಿಕೆ ಇದು.

● ಅನಾಮಧೇಯತೆಗೂ ಗೂಢಲಿಪಿಗೂ ಸಂಬಂಧವಿಲ್ಲ. ಟಿಎಲ್‌ಎಸ್ ಹೊದಿಕೆಯೊಳಗೆ ಅನಾಮಧೇಯರಾಗಿ ಓದಬಹುದು. ಹೊದಿಕೆಯಿಲ್ಲದ 389ರಲ್ಲಿ ಹೆಸರು ಹೇಳಿ ಸರಳ ಬೈಂಡ್ ಮಾಡಿದರೆ ಪಾಸ್‌ವರ್ಡ್ ದಾರಿಯುದ್ದಕ್ಕೂ ಬಯಲಾಗಿ ಹೋಗುತ್ತದೆ. ಅನಾಮಧೇಯ ಪ್ರವೇಶ ಮುಚ್ಚಿ, ಎಲ್ಲರನ್ನೂ ಹಾಗೆ ಪಾಸ್‌ವರ್ಡ್ ಕಳಿಸುವಂತೆ ಮಾಡಿದರೆ ಮೊದಲಿಗಿಂತ ಕೆಟ್ಟ ಸ್ಥಿತಿ.

● ಮುಚ್ಚುವ ಮುನ್ನ ಯಾರು ಯಾರು ಈ ದಾರಿಯಲ್ಲಿ ಓಡಾಡುತ್ತಿದ್ದಾರೆ ನೋಡಿದ್ದೀರಾ? ಲಿನಕ್ಸ್ ಯಂತ್ರಗಳಲ್ಲಿ ಲಾಗಿನ್ ನೋಡಿಕೊಳ್ಳುವ ಎಸ್‌ಎಸ್‌ಎಸ್‌ಡಿಗೆ ಬೈಂಡ್ ಹೆಸರು ಕೊಡದಿದ್ದರೆ ಅದು ಅನಾಮಧೇಯವಾಗಿಯೇ ಹುಡುಕುತ್ತದೆ. ಅಪಾಚಿ ವೆಬ್ ಸರ್ವರ್‌ನದೂ, ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಹುಡುಕಿ-ಬೈಂಡ್ ಮಾಡುವ ವಿಧಾನದ್ದೂ ಅದೇ ಕಥೆ. ಬಳಕೆದಾರ ಕೊಟ್ಟ ಚಿಕ್ಕ ಹೆಸರಿನಿಂದ ಅವನ ಪೂರ್ತಿ ಹೆಸರನ್ನು ಮೊದಲು ಹುಡುಕಿ, ಆಮೇಲೆ ಅವನ ಪಾಸ್‌ವರ್ಡ್‌ನಿಂದ ಬೈಂಡ್ ಮಾಡುತ್ತವೆ. ಆ ಮೊದಲ ಹುಡುಕಾಟ ನಿಂತರೆ ಲಾಗಿನ್ನೇ ನಿಂತಂತೆ. ಮೂಲೆಯಲ್ಲಿರುವ ಸ್ಕ್ಯಾನರ್ ಯಂತ್ರದ ವಿಳಾಸ ಪಟ್ಟಿಯನ್ನಂತೂ ಯಾರೂ ನೆನೆಸಿಕೊಳ್ಳುವುದೇ ಇಲ್ಲ.

ಲಾಗ್‌ನಲ್ಲಿ ಹುಡುಕಬೇಕಾದದ್ದು ಎರಡು. ಬೈಂಡ್ ಸಾಲಿನಲ್ಲಿ 'ಡಿಎನ್=' ಆದಮೇಲೆ ಉದ್ಧರಣ ಚಿಹ್ನೆಗಳ ನಡುವೆ ಏನೂ ಇಲ್ಲದ ಸಂಪರ್ಕಗಳು ಒಂದು. ಬೈಂಡ್ ಸಾಲೇ ಇಲ್ಲದೆ ನೇರವಾಗಿ ಹುಡುಕಾಟಕ್ಕೆ ಇಳಿದ ಸಂಪರ್ಕಗಳು ಇನ್ನೊಂದು. ಮೊದಲನೆಯದನ್ನಷ್ಟೇ ಎಣಿಸಿದರೆ ಲೆಕ್ಕ ಅರ್ಧ. ಅದೇ ಸಂಪರ್ಕ ಸಂಖ್ಯೆಯ ಮೇಲಿನ ಸಾಲಿನಲ್ಲಿ ಯಾವ ಐಪಿಯಿಂದ ಬಂತೆಂದು ಇರುತ್ತದೆ. ಒಂದು ತಿಂಗಳ ಲಾಗ್ ನೋಡಿದರೆ ಸಾಲದು, ತ್ರೈಮಾಸಿಕ ವರದಿಗೆ ಮಾತ್ರ ಏಳುವ ಪ್ರೋಗ್ರಾಂಗಳೂ ಇರುತ್ತವೆ.

● ಮುಚ್ಚಿದ ಮೇಲೆ ಅವಕ್ಕೆಲ್ಲ ಓದಲು ಮಾತ್ರ ಅಧಿಕಾರವಿರುವ ಒಂದು ಖಾತೆ ಕೊಡುವುದು ವಾಡಿಕೆ. ಆಗ ಅದರ ಪಾಸ್‌ವರ್ಡ್ ನೂರು ಯಂತ್ರಗಳ ನೂರು ಫೈಲ್‌ಗಳಲ್ಲಿ ಕೂರುತ್ತದೆ. ಇದೇನು ಮಹಾ ಭದ್ರತೆ ಎಂದು ಕೇಳಿದರೆ ತಪ್ಪಲ್ಲ. ಒಂದೊಂದು ಕೆಲಸಕ್ಕೆ ಒಂದೊಂದು ಖಾತೆ ಕೊಟ್ಟರೆ ಮಾತ್ರ ಲಾಭ ಕಾಣುತ್ತದೆ: ಯಾರು ಏನು ಕೇಳಿದರೆಂದು ಲಾಗ್ ಹೇಳುತ್ತದೆ, ಬೇಡವಾದ ಒಂದನ್ನೇ ನಿಲ್ಲಿಸಬಹುದು.

● ಮುಚ್ಚಲೇಬಾರದ ಡೈರೆಕ್ಟರಿಗಳೂ ಉಂಟು. ಡಿಜಿಟಲ್ ಸರ್ಟಿಫಿಕೇಟ್‌ಗಳಲ್ಲಿ, ರದ್ದಾದವುಗಳ ಪಟ್ಟಿ ಎಲ್ಲಿ ಸಿಗುತ್ತದೆಂದು ಎಲ್‌ಡ್ಯಾಪ್ ವಿಳಾಸ ಬರೆದಿರುವುದುಂಟು. ಪರೀಕ್ಷಿಸುವವರು ಜಗತ್ತಿನ ಯಾವ ಮೂಲೆಯವರೋ, ಅವರಿಗೆಲ್ಲ ಖಾತೆ ಕೊಡಲಾದೀತೇ? ಅಂಥದ್ದಕ್ಕೆ ಆ ಪಟ್ಟಿಯಷ್ಟೇ ಇರುವ ಬೇರೆ ಸರ್ವರ್ ಇಡುವುದು ಜಾಣತನ.

● ಎಲ್‌ಡ್ಯಾಪ್‌ನಲ್ಲಿ 'ನಾನು ಯಾರು?' ಎಂದು ಸರ್ವರನ್ನೇ ಕೇಳಬಹುದು! 2006ರ ಆರ್‌ಎಫ್‌ಸಿ 4532 ಇದಕ್ಕೆಂದೇ ಇದೆ. ಅನಾಮಧೇಯರಿಗೆ ಬರುವ ಉತ್ತರ ಖಾಲಿ. ಓಪನ್‌ಎಲ್‌ಡ್ಯಾಪ್‌ನ 'ಎಲ್‌ಡ್ಯಾಪ್‌ಹೂಆಮ್‌ಐ' ಕಮಾಂಡ್ ಅದನ್ನು 'ಅನಾನಿಮಸ್' ಎಂದು ಮುದ್ರಿಸುತ್ತದೆ. ಓಪನ್‌ಎಲ್‌ಡ್ಯಾಪ್ ಸರ್ವರ್‌ನಲ್ಲಿ ಅನಾಮಧೇಯ ಪ್ರವೇಶ ಮುಚ್ಚಿದ ಮೇಲೆ ಇದನ್ನೇ ಪರೀಕ್ಷೆಗೆ ಬಳಸಿ. ಹೆಸರು, ಪಾಸ್‌ವರ್ಡ್ ಎರಡೂ ಕೊಡದೆ ಒಮ್ಮೆ ಓಡಿಸಿ, 48 ಬರಬೇಕು. ಹೆಸರು ಕೊಟ್ಟು ಪಾಸ್‌ವರ್ಡ್ ಖಾಲಿ ಬಿಟ್ಟು ಇನ್ನೊಮ್ಮೆ ಓಡಿಸಿ, 53 ಬರಬೇಕು. ಬೈಂಡ್ ಇಲ್ಲದೆ ನೇರ ಹುಡುಕುವ ಪರೀಕ್ಷೆಗೆ ಈ ಕಮಾಂಡ್ ಆಗದು, ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದುಕೊಳ್ಳಬೇಕು.